ಬಿಳಿ ಮೆಟ್ಟಿಲ ಹಿಂದೆ ಯಾರಿದ್ದಾರೆ

ಮೇಲಿನ ಮೆಟ್ಟಿಲು ಮುಗಿದಿದೆ. ನಡುವಿನದಕ್ಕೆ ಪುಡಿ ಉದುರಿಸಿ ಕಲ್ಲು ಉಜ್ಜುತ್ತಿದ್ದ ವರ್ನೆಲ್ ಗೇದರ್ ಅವರ ಕೈ ತಟ್ಟನೆ ನಿಲ್ಲುತ್ತದೆ. ಮಂಡಿಯ ಕೆಳಗೆ ಹಳೆಯ ಜಮಖಾನೆಯ ತುಂಡು, ಪಕ್ಕದಲ್ಲಿ ಹಬೆಯಾಡುವ ಬಕೆಟ್ಟು. ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಬೀದಿಯ ಆಚೆ ಬದಿಯಲ್ಲಿ, 1708ನೇ ಮನೆಯ ಮುಂದೆ, ಮೂರು ಮೆಟ್ಟಿಲು ಬೆಳ್ಳಗೆ ಕಾಣುತ್ತಿವೆ.

ಆ ಮನೆಯಲ್ಲಿ ಒಂಬತ್ತು ವರ್ಷದಿಂದ ಯಾರೂ ಇಲ್ಲ. ನಿನ್ನೆ ಸಂಜೆಯವರೆಗೂ ಆ ಮೆಟ್ಟಿಲುಗಳ ಮೇಲೆ ಬೆರಳು ಎಳೆದರೆ ಗೀಟು ಮೂಡುವಷ್ಟು ಮಸಿ ಇತ್ತು. ಈ ಬೀದಿಯಲ್ಲಿ ಮೆಟ್ಟಿಲು ಉಜ್ಜುವವರು ಒಬ್ಬರೇ. ಆ ಒಬ್ಬರು ಈಗ ಮಂಡಿಯೂರಿ ಕೂತಲ್ಲೇ ಬೆವರುತ್ತಿದ್ದಾರೆ. ಏಪ್ರಿಲ್ ತಿಂಗಳ ಚಳಿ ಇನ್ನೂ ಬಿಟ್ಟಿಲ್ಲ, ಆದರೂ.

ಬಾಲ್ಟಿಮೋರಿನ ಪೂರ್ವದ ಕಡೆ ಲಿಂಡರ್ ಬೀದಿ ಅಂದರೆ ಎರಡೂ ಬದಿ ಸೇರಿ ಇಪ್ಪತ್ತನಾಲ್ಕು ಮನೆ. ಮನೆಗೂ ಮನೆಗೂ ನಡುವೆ ಸಂದಿಲ್ಲ, ಇಬ್ಬರಿಗೂ ಒಂದೇ ಗೋಡೆ. ಪಕ್ಕದವರು ಕೆಮ್ಮಿದರೆ ಇಲ್ಲಿ ನೀರು ಕೊಡಬೇಕು ಅನ್ನಿಸುತ್ತದೆ. ಪ್ರತಿ ಮನೆಗೂ ಬೀದಿಯ ಕಡೆ ಮೂರು ಅಮೃತಶಿಲೆಯ ಮೆಟ್ಟಿಲು. ಒಂದು ಕಾಲಕ್ಕೆ ಶನಿವಾರ ಬೆಳಗಾದರೆ ಇಪ್ಪತ್ತನಾಲ್ಕು ಹೆಂಗಸರು ಇಪ್ಪತ್ತನಾಲ್ಕು ಬಕೆಟ್ಟಿನೊಂದಿಗೆ ಹೊರಗೆ ಮಂಡಿಯೂರುತ್ತಿದ್ದರು. ಈಗ ಜನ ಇರುವುದು ಒಂಬತ್ತು ಮನೆಯಲ್ಲಿ. ಒಂಬತ್ತು ಮನೆಯ ಇಪ್ಪತ್ತೇಳು ಮೆಟ್ಟಿಲನ್ನೂ ದಿನ ಬಿಟ್ಟು ದಿನ ಉಜ್ಜುವುದು ಎಪ್ಪತ್ತಮೂರು ವರ್ಷದ ವರ್ನೆಲ್.

ಕೆಲಸ ನೋಡಲು ಸುಲಭ. ಮೊದಲು ಒಣ ಬ್ರಷ್ಷಿನಿಂದ ಮಣ್ಣು ತೆಗೆಯಬೇಕು. ಆಮೇಲೆ ಒದ್ದೆ ಬಟ್ಟೆ, ಬಿಳಿ ಪುಡಿ, ತೂತು ತೂತಾದ ಹಗುರ ಕಲ್ಲು. ಕಲ್ಲನ್ನು ಗುಂಡಗೆ ತಿರುಗಿಸಬೇಕು, ಹಿಂದೆ ಮುಂದೆ ಎಳೆದರೆ ಗೀರು ಬೀಳುತ್ತದೆ. ಚಳಿಗಾಲದಲ್ಲಿ ನೀರು ಸುರಿಯುವಂತಿಲ್ಲ. ಸುರಿದರೆ ಹೆಪ್ಪುಗಟ್ಟಿ ಬೆಳಗ್ಗೆ ಯಾರದಾದರೂ ಸೊಂಟ ಮುರಿಯುತ್ತದೆ. ಒಂದು ಮನೆಗೆ ಹದಿನೈದು ನಿಮಿಷ, ತಿಂಗಳಿಗೆ ಎರಡು ಕಲ್ಲು ಸವೆಯುತ್ತದೆ. "ವಿನಿಗರ್ ಮಾತ್ರ ಮುಟ್ಟಿಸ್ಬಾರ್ದು," ಅನ್ನುತ್ತಾರೆ ವರ್ನೆಲ್. "ಹುಳಿ ತಾಗಿದ್ರೆ ಈ ಕಲ್ಲು ಕರಗುತ್ತೆ. ಮೊದಲ್ನೇ ದಿನ ಫಳಫಳ ಅನ್ನುತ್ತೆ, ವರ್ಷ ಕಳೆದ್ಮೇಲೆ ಹಲ್ಲು ಬಿದ್ದ ಬಾಯಿ ಥರ ಆಗುತ್ತೆ."

ಕಲಿತಿದ್ದು ಏಳನೆಯ ವಯಸ್ಸಿನಲ್ಲಿ. ತಾಯಿ ಬಂದರಿನ ಹತ್ತಿರ ಟೊಮೇಟೊ ಡಬ್ಬಿಗೆ ತುಂಬುವ ಕಾರ್ಖಾನೆಗೆ ಹೋಗುತ್ತಿದ್ದರು. ಮಗಳು ಬಕೆಟ್ಟು ಹಿಡಿದು ಮನೆ ಮನೆಗೆ ಹೋಗಿ, ಮೆಟ್ಟಿಲಿಗೆ ಹತ್ತು ಸೆಂಟಿನಂತೆ ಉಜ್ಜಿ ಬರುತ್ತಿದ್ದಳು. ದೊಡ್ಡವಳಾಗಿ ಒಂದು ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಮೂವತ್ತೊಂದು ವರ್ಷ ದುಡಿದರು. ಗಂಡ ಆರ್ಚಿ ಸ್ಪ್ಯಾರೋಸ್ ಪಾಯಿಂಟಿನ ಉಕ್ಕಿನ ಕುಲುಮೆಯಲ್ಲಿ ಇದ್ದವರು. ಭಾನುವಾರ ಮಾತ್ರ ಕಿಟಕಿಯ ತಂತಿ ಜಾಲರಿ ಬಿಚ್ಚಿ, ಅದರ ಮೇಲೆ ಕೊಳ, ಎರಡು ಹಂಸ, ಕೆಂಪು ಮಾಡಿನ ಪುಟ್ಟ ಮನೆ ಬರೆಯುತ್ತಿದ್ದರು. ಇಲ್ಲಿನ ಕಿಟಕಿಗಳು ಬೀದಿಗೇ ತೆರೆಯುತ್ತವೆ. ಬಣ್ಣ ಬಳಿದ ಜಾಲರಿ ಹಾಕಿದರೆ ಒಳಗಿರುವವರಿಗೆ ಹೊರಗಿನದೆಲ್ಲ ಕಾಣುತ್ತದೆ, ಹೊರಗಿನವರಿಗೆ ಹಂಸ ಮಾತ್ರ. ಆರ್ಚಿ ಹೋಗಿ ಹನ್ನೆರಡು ವರ್ಷವಾಯಿತು. ನೆಲಮಾಳಿಗೆಯಲ್ಲಿ ಅವರು ಬರೆದ ಏಳು ಜಾಲರಿಗಳಿದ್ದವು. ಈಗ ಆರೇ ಇವೆ. ಏಳನೆಯದರ ಸುಟ್ಟ ಚೌಕಟ್ಟು ಮಾತ್ರ ಉಳಿದಿದೆ, ಗೋಣಿಯಲ್ಲಿ ಸುತ್ತಿ ಬಾಯ್ಲರಿನ ಹಿಂದೆ ಇಟ್ಟಿದ್ದಾರೆ.

ವರ್ನೆಲ್‌ಗೆ ಬೆಂಕಿಯ ಭಯ ಹಳೆಯದು. ಅರವತ್ತೆಂಟರ ಏಪ್ರಿಲ್‌ನ ಗಲಭೆಯಲ್ಲಿ ಊರು ಹೊತ್ತಿ ಉರಿದಾಗ ಅವರಿಗೆ ಹದಿನೇಳು ವರ್ಷ. ಮೂಲೆಯ ದಿನಸಿ ಅಂಗಡಿ ಬೂದಿಯಾದ ದಿನ ತಾಯಿ ಗೋಡೆಗೆ ಅಂಗೈ ಒತ್ತಿ ನಿಂತಿದ್ದು ನೆನಪಿದೆ. ಅಂದಿನಿಂದ ಅದೇ ಅಭ್ಯಾಸ. ಬೆಳಗ್ಗೆ ಎದ್ದ ಕೂಡಲೇ ಮೊದಲು ಎಡಗೋಡೆಗೆ ಕೈ, ಆಮೇಲೆ ಬಲಗೋಡೆಗೆ. ತಣ್ಣಗಿದ್ದರೆ ಒಲೆ ಹೊತ್ತಿಸಿ ಕಾಫಿ.

ಬೀದಿ ಖಾಲಿಯಾಗುತ್ತಾ ಬಂದ ಹಾಗೆ ಭಯಕ್ಕೆ ಬೇರೆ ಬೇರೆ ಮುಖಗಳು ಬಂದವು. ಮನೆ ಖಾಲಿ ಅಂತ ಗೊತ್ತಾದರೆ ಸಾಕು, ಮೊದಲು ತಾಮ್ರದ ಪೈಪು ಕೀಳುವವರು ಬರುತ್ತಾರೆ. ನಂತರ ಚಳಿ ಕಾಯಿಸುವವರು. ಕೊನೆಗೆ ಕೆಡವುವ ಯಂತ್ರ. ಒಂದು ಮನೆ ಕೆಡವಿದರೆ ಪಕ್ಕದ ಮನೆಯ ಗೋಡೆ ಆಸರೆ ತಪ್ಪಿ ಹೊಟ್ಟೆ ಬಿಡುತ್ತದೆ. ಹಾಗಾಗಿ ವರ್ನೆಲ್ ಒಂದು ಉಪಾಯ ಮಾಡಿದರು. ಜನ ಇರುವ ಮನೆಯ ಮೆಟ್ಟಿಲಿನ ಜೊತೆ ಜನ ಇಲ್ಲದ ಹದಿನೈದು ಮನೆಯ ಮೆಟ್ಟಿಲನ್ನೂ ಉಜ್ಜತೊಡಗಿದರು. ಬಾಗಿಲ ಮುಂದೆ ಪ್ಲಾಸ್ಟಿಕ್ ಹೂವಿನ ಕುಂಡ ಇಟ್ಟರು. ಯಾರೂ ದುಡ್ಡು ಕೊಡಲಿಲ್ಲ, ಇವರೂ ಕೇಳಲಿಲ್ಲ. ಆರು ವರ್ಷ ಲಿಂಡರ್ ಬೀದಿ ದೂರದಿಂದ ನೋಡಿದವರಿಗೆ ತುಂಬಿದ ಬೀದಿಯಂತೆಯೇ ಕಾಣುತ್ತಿತ್ತು.

ವರ್ನೆಲ್ ಅವರ ಮನೆ 1719, ಎಡಗೋಡೆಯ ಆಚೆಯ ಮನೆ 1717. ಕಿಟಕಿಗೆ ಹಲಗೆ ಹೊಡೆದು, ಅದರ ಮೇಲೆ ಬೆಂಕಿ ಆರಿಸುವವರು ಒಂದು ಕೆಂಪು ಫಲಕ ಜಡಿದಿದ್ದರು. ಫಲಕದ ಮೇಲೆ ಬಿಳಿಯ ಅಡ್ಡಗೀಟು. ಒಳಗೆ ಯಾರೂ ಇಲ್ಲ, ನೆಲ ಗಟ್ಟಿಯಿಲ್ಲ, ಬೆಂಕಿ ಬಿದ್ದರೆ ಹೊರಗಿನಿಂದಲೇ ಆರಿಸಿ ಎಂದು ಅದರರ್ಥ. ಫಲಕ ಅವರ ಪಾಲಿಗೆ ಎಚ್ಚರಿಕೆ, ಪೈಪು ಕೀಳುವವರ ಪಾಲಿಗೆ ಕರೆಯೋಲೆ. ವರ್ನೆಲ್ ನೆಲಮಾಳಿಗೆಯಿಂದ ಒಂದು ಹಂಸದ ಜಾಲರಿ ತಂದು ಆ ಕಿಟಕಿಗೆ ಕೂರಿಸಿದರು. ಫಲಕ ಮುಚ್ಚಿಹೋಯಿತು.

ಹೋದ ವರ್ಷ ಫೆಬ್ರವರಿಯಲ್ಲಿ, ಒಂದು ಮಧ್ಯಾಹ್ನ, ಕಣ್ಣಿನ ಡಾಕ್ಟರ ಹತ್ತಿರ ಹೋಗಿದ್ದ ವರ್ನೆಲ್ ಬಸ್ಸಿನಿಂದ ಇಳಿದಾಗ ಬೀದಿಯ ಬಾಯಿಗೆ ಮೂರು ಕೆಂಪು ಲಾರಿ ಅಡ್ಡ ನಿಂತಿದ್ದವು. 1717ರ ಮಹಡಿಯಿಂದ ಹೊಗೆ ಬರುತ್ತಿತ್ತು. ಯಾರೋ ಹಿಂದಿನ ಓಣಿಯಿಂದ ಒಳಗೆ ಸೇರಿ ಚಳಿಗೆ ಬೆಂಕಿ ಹಾಕಿಕೊಂಡು, ಅದು ಕೈಮೀರಿದ ಮೇಲೆ ಓಡಿಹೋಗಿದ್ದರು. ಒಳಗೆ ಒಬ್ಬರೂ ಇರಲಿಲ್ಲ. ಆದರೆ ಒಳಗೆ ಹೋದವರು ಒಬ್ಬರಿದ್ದರು. ವರ್ನೆಲ್ ನೋಡನೋಡುತ್ತಿದ್ದಂತೆ ನಾಲ್ಕು ಜನ ಆತನನ್ನು ಬಾಗಿಲಿನಿಂದ ಹೊರಗೆ ತಂದು, ಬೆಳ್ಳಗೆ ಉಜ್ಜಿದ್ದ ಮೆಟ್ಟಿಲುಗಳ ಮೇಲೆ ಮಲಗಿಸಿದರು.

ಆತನ ಹೆಸರು ರಾಯ್ ಸ್ಟೆಪ್ಕಾ, ಅಗ್ನಿಶಾಮಕ ದಳದವರು. ಮಹಡಿಯ ನೆಲ ಮುರಿದು ಕೆಳಗೆ ಬಿದ್ದು ಎಡಗಾಲು ಎರಡು ಕಡೆ ಮುರಿದಿತ್ತು.

ನಡೆದಿದ್ದನ್ನು ಹೇಳಿದವರು ಎದುರು ಸಾಲಿನ 1710ರ ಓಥೋ ಟಿಲ್‌ಮನ್. ನಲವತ್ತು ವರ್ಷ ಜನರ ಕೂದಲು ಕತ್ತರಿಸಿ, ಈಗ ಮಂಡಿ ಹಿಡಿದುಕೊಂಡು ಕಿಟಕಿಯಲ್ಲಿ ಕೂತಿರುವ ಕ್ಷೌರಿಕ. ಅಂದು ತೂಕಡಿಸುತ್ತಿದ್ದವರು ಸೈರನ್ನಿಗೆ ಎದ್ದಿದ್ದರು. ಕೋಲು ಹುಡುಕಿ ಬಾಗಿಲು ತೆಗೆಯುವಷ್ಟರಲ್ಲಿ ಸ್ಟೆಪ್ಕಾ ಒಳಗೆ ಹೋಗಿಯಾಗಿತ್ತು. ಒಳಗೆ ನುಗ್ಗುವ ಮೊದಲು ಆತ ಜೊತೆಯವರಿಗೆ ಕೂಗಿ ಹೇಳಿದ್ದು ಮಾತ್ರ ಓಥೋ ಕಿವಿಗೆ ಬಿದ್ದಿತ್ತು: "ಮೆಟ್ಟಿಲು ನೋಡ್ರೋ, ಈಗಷ್ಟೇ ತೊಳೆದಿದ್ದಾರೆ. ಒಳಗೆ ಯಾರೋ ಇದ್ದಾರೆ."

ಆ ಮಾತನ್ನು ಓಥೋ ವರ್ನೆಲ್‌ಗೆ ಬಿಟ್ಟು ಬೇರೆ ಯಾರಿಗೂ ಹೇಳಿಲ್ಲ. ಅವರಿಗೂ ಹೇಳಬಾರದಿತ್ತು ಎಂದು ಈಗ ಅನ್ನಿಸುತ್ತದಂತೆ.

ಎರಡು ತಿಂಗಳ ನಂತರ ಸ್ಟೆಪ್ಕಾ ಕೋಲೂರಿಕೊಂಡು ಲಿಂಡರ್ ಬೀದಿಗೆ ಬಂದರು. ಸುಟ್ಟ ಮನೆಯ ಮುಂದೆ ಬಹಳ ಹೊತ್ತು ನಿಂತರು. ಕಿಟಕಿಯನ್ನು ಒಮ್ಮೆ ಎಡಗಡೆಯಿಂದ, ಒಮ್ಮೆ ಬಲಗಡೆಯಿಂದ ನೋಡಿದರು. ವರ್ನೆಲ್ ತಮ್ಮ ಮೆಟ್ಟಿಲ ಮೇಲೆ ಮಂಡಿಯೂರಿದ್ದರು, ತಲೆ ಎತ್ತಲಿಲ್ಲ.

"ಅಮ್ಮಾ, ಬೆಂಕಿ ಬೀಳೋ ಮುಂಚೆ ಇಲ್ಲಿ ಕೆಂಪು ಫಲಕ ಇತ್ತಾ?" ಅಂತ ಆತ ಕೇಳಿದರು.

"ಇತ್ತಪ್ಪಾ," ಅಂದರು ವರ್ನೆಲ್.

ಆತ ತಲೆಯಾಡಿಸಿದರು. "ಬೂದಿಯಲ್ಲಿ ಸಿಕ್ಕಿತು ಅಂದ್ರು. ನಾನೇ ನೋಡ್ಲಿಲ್ಲ ಹಾಗಾದ್ರೆ," ಅಂದು ಹೊರಟುಹೋದರು.

ಸುಳ್ಳು ಹೇಳಲಿಲ್ಲ ಎಂದು ವರ್ನೆಲ್ ಆ ದಿನವೆಲ್ಲ ತಮಗೆ ತಾವೇ ಹೇಳಿಕೊಂಡರು. ಇತ್ತು ಅನ್ನುವುದು ನಿಜ. ಅದನ್ನು ಮುಚ್ಚಿದ್ದು ಯಾರು ಎಂದು ಆತ ಕೇಳಲಿಲ್ಲ. ಆದರೆ ಆ ಬೇಸಿಗೆಯಲ್ಲಿ ಸುದ್ದಿ ಬಂತು. ಕಾಲು ಗುಣವಾದರೂ ಸ್ಟೆಪ್ಕಾ ಕೆಲಸಕ್ಕೆ ಮರಳಲಿಲ್ಲವಂತೆ. ಎದುರಿಗಿದ್ದ ಕೆಂಪು ಫಲಕ ಕಾಣದ ಕಣ್ಣನ್ನು ನಂಬಿ ಇನ್ನೊಬ್ಬರನ್ನು ಒಳಗೆ ಕರೆದೊಯ್ಯಲಾರೆ ಅಂದರಂತೆ. ಅಗ್ನಿಶಾಮಕ ಠಾಣೆಯಲ್ಲಿ ಎಲ್ಲರೂ ಬೇಡ ಅಂದರೂ ಕೇಳಲಿಲ್ಲವಂತೆ.

ಕಾಗದ ಬರೆಯಲು ಶುರು ಮಾಡಿದ್ದು ಆಗಲೇ. ಮೊದಲನೆಯದು ನಾಲ್ಕು ಪುಟ, ತುಂಬಾ ನೆಪಗಳು ಎಂದು ಹರಿದರು. ಎರಡನೆಯದರಲ್ಲಿ ಬರೀ ಅಳು. ಏಳನೆಯದು ಉಳಿಯಿತು. ಅದನ್ನು ಲಕೋಟೆಗೆ ಹಾಕಿ, ಅಂಚೆಚೀಟಿ ಹಚ್ಚಿ, ಬಿಳಿ ಪುಡಿಯ ಖಾಲಿ ಡಬ್ಬಿಯಲ್ಲಿ ಇಟ್ಟರು. ಅದು ಅಲ್ಲೇ ಉಳಿದುಬಿಟ್ಟಿತು.

ತಡೆದಿದ್ದು ಭಯ. ಪೊಲೀಸರ ಭಯ ಒಂದು. ಅದಕ್ಕಿಂತ ದೊಡ್ಡದು, ಆರು ವರ್ಷ ಈ ಬೀದಿ ವೇಷ ಹಾಕಿ ನಿಂತಿತ್ತು ಅಂತ ಊರಿಗೆ ತಿಳಿದರೆ ಖಾಲಿ ಮನೆಗಳನ್ನೆಲ್ಲ ಒಟ್ಟಿಗೆ ಕೆಡವಿಬಿಡುತ್ತಾರೆ ಎಂಬುದು. 1717 ಹೋದರೆ 1719ರ ಎಡಗೋಡೆ ನಿಲ್ಲುವುದಿಲ್ಲ. ಈಗಲೇ ಅದರಲ್ಲಿ ಬೆರಳು ತೂರುವಷ್ಟು ಬಿರುಕಿದೆ. ರಸ್ತೆಯಲ್ಲಿ ಭಾರದ ಗಾಡಿ ಹೋದಾಗಲೆಲ್ಲ ಗಾರೆಯ ಪುಡಿ ಹಾಸಿಗೆಯ ಮೇಲೆ ಉದುರುತ್ತದೆ. ಬೆಂಕಿಯ ದಿನದಿಂದ ಆ ಗೋಡೆಗೆ ಕೈ ಇಟ್ಟಾಗ ತಣ್ಣಗಿದ್ದರೂ ಬಿಸಿ ಅನ್ನಿಸುತ್ತದೆ. ಖಾತ್ರಿ ಮಾಡಿಕೊಳ್ಳಲು ಕೆನ್ನೆ ಒತ್ತಿ ನೋಡುತ್ತಾರೆ. ಓಥೋ ಪ್ರತಿ ಸಲವೂ ಒಂದೇ ಮಾತು ಹೇಳುತ್ತಿದ್ದರು, ಹೋದ ಕೆಲಸ ನಿನ್ನ ಕಾಗದದಿಂದ ಮರಳುವುದಿಲ್ಲ, ಇರುವ ಗೋಡೆ ಬೀಳುತ್ತದೆ ಅಷ್ಟೆ.

ಒಂದನ್ನು ಮಾತ್ರ ವರ್ನೆಲ್ ಬೆಂಕಿಯ ಮರುದಿನವೇ ಮಾಡಿದ್ದರು. ಹದಿನೈದು ಕುಂಡಗಳನ್ನೂ ಎತ್ತಿಟ್ಟರು. ಖಾಲಿ ಮನೆಯ ಮೆಟ್ಟಿಲನ್ನು ಮತ್ತೆ ಮುಟ್ಟಲಿಲ್ಲ. ಹದಿನಾಲ್ಕು ತಿಂಗಳಲ್ಲಿ ಅವು ಕಪ್ಪಾದವು. ಬೀದಿ ಈಗ ಇದ್ದಂತೆಯೇ ಕಾಣುತ್ತದೆ.

ಅದಕ್ಕೇ ಈ ಬೆಳಗ್ಗೆ 1708ರ ಮೆಟ್ಟಿಲು ಬೆಳ್ಳಗಿರುವುದು ಕಂಡು ಅವರ ಕೈ ನಿಂತಿದ್ದು.

ಬ್ರಷ್ಷನ್ನು ಬಕೆಟ್ಟಿಗೆ ಹಾಕಿ ಬೀದಿ ದಾಟುತ್ತಾರೆ. ಆ ಮನೆಯ ಕಿಟಕಿಯ ಮೇಲೂ ಒಂದು ಕೆಂಪು ಫಲಕ ಇರಬೇಕಿತ್ತು. ಈಗ ಕಾಣುತ್ತಿಲ್ಲ. ಅದರ ಜಾಗದಲ್ಲಿ ನೀಲಿ ಪಟ್ಟಿಯ ಬಟ್ಟೆಯೊಂದು ಪರದೆಯಂತೆ ಇಳಿಬಿದ್ದಿದೆ. ಮೆಟ್ಟಿಲ ಹತ್ತಿರ ಬಗ್ಗಿದರೆ ಮೂಗಿಗೆ ಹುಳಿ ವಾಸನೆ. ಬಟ್ಟೆಯನ್ನು ಇನ್ನೊಮ್ಮೆ ನೋಡುತ್ತಾರೆ. ಕ್ಷೌರಕ್ಕೆ ಕೂತವರ ಕೊರಳಿಗೆ ಕಟ್ಟುವ ಬಟ್ಟೆ ಅದು. ಭಯ ಅರ್ಧ ಇಳಿಯುತ್ತದೆ, ಉಳಿದರ್ಧ ಸಿಟ್ಟಾಗುತ್ತದೆ.

1710ರ ಕಿಟಕಿ ತಟ್ಟುತ್ತಾರೆ. "ಓಥೋ. ಎದ್ದಿದ್ದೀಯಾ? ಈ ಕಲ್ಲಿಗೆ ವಿನಿಗರ್ ಹಾಕಿದ ಪುಣ್ಯಾತ್ಮ ಯಾರು?"

ಒಳಗೆ ಕುರ್ಚಿ ಎಳೆಯುವ ಸದ್ದು. ಆಮೇಲೆ ಕಿಟಕಿ ಮೇಲೇರುತ್ತದೆ. "ಮೂರು ಮೆಟ್ಟಿಲಿಗೆ ಎರಡು ಗಂಟೆ ಹಿಡೀತು ಕಣೆ," ಅನ್ನುತ್ತಾರೆ ಓಥೋ. "ನಿನ್ನೆ ಸಂಜೆ ಕೂತವನು ಏಳೋಕೇ ಆಗ್ಲಿಲ್ಲ. ಕೊನೇ ಮೆಟ್ಟಿಲನ್ನ ಮಲಗ್ಕೊಂಡೇ ಉಜ್ಜಿದೆ."

"ಯಾಕೆ ಉಜ್ಜಿದೆ?"

ಕಾರಣ ವರ್ನೆಲ್‌ಗೂ ಗೊತ್ತು. ಕಳೆದ ವಾರ ನಗರಸಭೆಯ ಹಳದಿ ಅಂಗಿಯ ಇಬ್ಬರು ಬಂದು ಎದುರು ಸಾಲನ್ನು ಅಳೆದು, ಕೆಡವುವ ಮನೆಯೆಂದು 1708ರ ಗೋಡೆಗೆ ಬಳಪದ ಗುರುತು ಹಾಕಿ ಹೋಗಿದ್ದಾರೆ. 1708ರ ಗೋಡೆ ಅಂದರೆ ಓಥೋ ಮಲಗುವ ಕೋಣೆಯ ಗೋಡೆ. ಆ ದಿನದಿಂದ ಓಥೋ ಅಡುಗೆಮನೆಯಲ್ಲಿ ಕುರ್ಚಿಯ ಮೇಲೇ ನಿದ್ದೆ ಮಾಡುತ್ತಿದ್ದಾರೆ.

"ನೀನು ಆರು ವರ್ಷ ಮಾಡಿದ್ದನ್ನೇ ನಾನು ಒಂದಿನ ಮಾಡಿದ್ದೀನಿ," ಅನ್ನುತ್ತಾರೆ ಓಥೋ. ದನಿ ತಗ್ಗಿದೆ. "ನಂಗೂ ಹೆದರಿಕೆ ಆಗಲ್ವಾ ವರ್ನೆಲ್?"

ದೂರದಲ್ಲಿ, ಈ ಊರಲ್ಲಿ ಇನ್ನೂ ಉಳಿದಿರುವ ಹಣ್ಣಿನ ಕುದುರೆಗಾಡಿಯ ಗಂಟೆ ಕೇಳುತ್ತದೆ, ಬೀದಿ ತಿರುಗಿ ಮರೆಯಾಗುತ್ತದೆ. "ನಾಳೆ ಇಲ್ಲಿ ಹೊಗೆ ಎದ್ರೆ," ಅನ್ನುತ್ತಾರೆ ವರ್ನೆಲ್, "ಆ ಠಾಣೆಯಿಂದ ಇನ್ನೊಬ್ಬ ಬರ್ತಾನೆ. ಬಿಳಿ ಮೆಟ್ಟಿಲು ನೋಡ್ತಾನೆ. ನೀನಾಗ ತೂಕಡಿಸ್ತಿರ್ತೀಯ. ನಾನು ಬಸ್ಸಲ್ಲಿರ್ತೀನಿ."

ಕಿಟಕಿ ಹಲಗೆಯ ಮೊಳೆಗೆ ಸಿಕ್ಕಿಸಿದ್ದ ಬಟ್ಟೆಯನ್ನು ಒಂದೇ ಎಳೆತಕ್ಕೆ ಕಿತ್ತು, ಮಡಿಸಿ, ಓಥೋ ಕೈಗೆ ಕೊಡುತ್ತಾರೆ. ಬಟ್ಟೆಯ ಹಿಂದೆ ಕೆಂಪು ಫಲಕ ಕಾಣುತ್ತದೆ. ಓಥೋ ತಡೆಯುವುದಿಲ್ಲ. ಮೆಟ್ಟಿಲನ್ನು ಏನು ಮಾಡುವುದು ಎಂದು ಮಾತ್ರ ಕೇಳುತ್ತಾರೆ. ಬಿಳಿಯನ್ನು ಕಪ್ಪು ಮಾಡುವ ಕೆಲಸ ಇಬ್ಬರೂ ಕಲಿತವರಲ್ಲ. ಕಡೆಗೆ ವರ್ನೆಲ್ ತಮ್ಮ ಒಲೆಯ ಬೂದಿ ತಂದು ಮೂರು ಮೆಟ್ಟಿಲಿಗೂ ಚೆಲ್ಲಿ ಕಾಲಿನಿಂದ ತಿಕ್ಕುತ್ತಾರೆ. ಅರವತ್ತಾರು ವರ್ಷದ ಕೆಲಸದಲ್ಲಿ ಅಮೃತಶಿಲೆಗೆ ಬೂದಿ ಹಚ್ಚಿದ್ದು ಇದೇ ಮೊದಲು. ಹಚ್ಚುವಾಗ ಆ ಕಡೆ ನೋಡುವುದಿಲ್ಲ.

ಅಡುಗೆಮನೆಗೆ ಮರಳಿ ಕೈ ತೊಳೆಯುತ್ತಾರೆ. ನಿನ್ನೆಯ ಕರಿದ ಮೀನನ್ನು ಎರಡು ಬ್ರೆಡ್ಡಿನ ನಡುವೆ ಇಟ್ಟು ತಿನ್ನಲು ಕೂರುತ್ತಾರೆ, ಅರ್ಧಕ್ಕೇ ಬಿಡುತ್ತಾರೆ. ಡಬ್ಬಿ ತೆರೆದು ಲಕೋಟೆ ಹೊರತೆಗೆಯುತ್ತಾರೆ. ಲಕೋಟೆಯ ಮೇಲೆ ರಾಯ್ ಸ್ಟೆಪ್ಕಾ ಎಂಬ ಹೆಸರು, ಗುಡ್ಡದ ಮೇಲಿನ ಆತನ ಹಳೆಯ ಠಾಣೆಯ ವಿಳಾಸ; ಮನೆ ಎಲ್ಲಿ ಅಂತ ಗೊತ್ತಿಲ್ಲ, ಠಾಣೆಯವರು ತಲುಪಿಸುತ್ತಾರೆ. ಕಳಿಸಿದವರ ಜಾಗ ಖಾಲಿ. ಆ ಜಾಗ ಖಾಲಿಯಿರಲಿ ಎಂದು ಓಥೋ ಹಿಂದೆ ಒಮ್ಮೆ ಸಲಹೆ ಕೊಟ್ಟಿದ್ದರು. ಅಂಟನ್ನು ಹಬೆಗೆ ಹಿಡಿದು ಬಿಡಿಸಿ, ಒಳಗಿನ ಕಾಗದ ತೆಗೆದು ಕೊನೆಗೆ ಎರಡು ಸಾಲು ಸೇರಿಸುತ್ತಾರೆ.

ಆ ಕಾಗದ ಹೀಗಿದೆ:

"ಶ್ರೀ ಸ್ಟೆಪ್ಕಾ ಅವರಿಗೆ. ನಿಮ್ಮ ಕಣ್ಣಿನಲ್ಲಿ ದೋಷ ಇರಲಿಲ್ಲ. ಫಲಕ ಇತ್ತು, ಆದರೆ ನೀವು ಬಂದಾಗ ಅದು ಕಾಣುವಂತಿರಲಿಲ್ಲ. ನನ್ನ ಗಂಡ ಬರೆದ ಜಾಲರಿಯನ್ನು ನಾನು ಅದರ ಮುಂದೆ ಕೂರಿಸಿದ್ದೆ. ಮೆಟ್ಟಿಲು ತೊಳೆದವಳೂ ನಾನೇ. ಕಳ್ಳರನ್ನು ನಂಬಿಸಲು ಮಾಡಿದ್ದು, ನೀವು ನಂಬಿದಿರಿ. ನೀವು ಬಂದು ಕೇಳಿದ ದಿನ ಅರ್ಧ ಮಾತ್ರ ಹೇಳಿದೆ. ಸುಟ್ಟ ಚೌಕಟ್ಟು ನನ್ನ ಹತ್ತಿರ ಇದೆ, ಯಾರಿಗೆ ಬೇಕಾದರೂ ತೋರಿಸುತ್ತೇನೆ. ಠಾಣೆಯಲ್ಲಿ ಹೇಳಿ, ಲಿಂಡರ್ ಬೀದಿಯಲ್ಲಿ ಇನ್ನು ಮುಂದೆ ಮೆಟ್ಟಿಲು ಬೆಳ್ಳಗಿದ್ದರೆ ಒಳಗೆ ಜನ ಇದ್ದೇ ಇದ್ದಾರೆ. ಅದಕ್ಕೆ ನಾನು ಹೊಣೆ."

ಕೊನೆಯ ಎರಡು ವಾಕ್ಯ ಈ ಬೆಳಗ್ಗೆ ಬರೆದಿದ್ದು. ಮತ್ತೆ ಅಂಟಿಸಿ, ಖಾಲಿಯಿದ್ದ ಜಾಗದಲ್ಲಿ ತಮ್ಮ ಹೆಸರು ಬರೆದು, ಕೆಳಗೆ 1719 ಎಂದು ಹಾಕುತ್ತಾರೆ. ಈ ಸಂಗತಿಯನ್ನು ಪತ್ರಿಕೆಗೆ ಬರೆಯುತ್ತಿರುವ ನನಗೆ ಅವರು ಹಾಕಿರುವ ಷರತ್ತು ಒಂದೇ: ಕಾಗದ ಮೊದಲು ಸ್ಟೆಪ್ಕಾ ಕೈ ಸೇರಬೇಕು, ಪತ್ರಿಕೆ ಆಮೇಲೆ.

ಹತ್ತೂವರೆಗೆ ಅಂಚೆಯ ನೋರೀನ್ ಬೀದಿಯ ಮೇಲಿನ ತುದಿಯಿಂದ ಇಳಿದು ಬರುತ್ತಾಳೆ. ಹನ್ನೊಂದು ವರ್ಷದಿಂದ ಈ ಬೀದಿ ಅವಳದೇ. ವರ್ನೆಲ್ ಬಿಟ್ಟ ಕೆಲಸ ಮುಗಿಸಲು ಮತ್ತೆ ಮಂಡಿಯೂರಿದ್ದಾರೆ. ನಡುವಿನ ಮೆಟ್ಟಿಲು ಮುಗಿದಿದೆ, ಕೆಳಗಿನದು ಅರ್ಧ.

"ಇವತ್ತು ತಡ ಆಯ್ತಲ್ಲ ಮಿಸ್ ವರ್ನೆಲ್," ಅನ್ನುತ್ತಾಳೆ ನೋರೀನ್. "ನಿಮ್ಮ ಮೆಟ್ಟಿಲು ಹತ್ತೋಕೆ ಶೂ ಬಿಚ್ಚಬೇಕೇನೋ ಅಂತ ದಿನಾ ಯೋಚ್ನೆ ಮಾಡ್ತೀನಿ, ಇವತ್ತು ಆ ಕಷ್ಟ ಇಲ್ಲ."

"ಬಿಲ್ ಇದ್ರೆ ನೀನೇ ಇಟ್ಕೋ," ಅನ್ನುತ್ತಾರೆ ವರ್ನೆಲ್. ಏಪ್ರನ್ನಿನ ಜೇಬಿನಿಂದ ಲಕೋಟೆ ತೆಗೆದು ಚಾಚುತ್ತಾರೆ. "ಇದನ್ನ ತಗೊಂಡ್ಹೋಗು."

ನೋರೀನ್ ಹಿಡಿದುಕೊಳ್ಳುತ್ತಾಳೆ, ಆದರೆ ಲಕೋಟೆ ಬರುವುದಿಲ್ಲ. ಇನ್ನೊಂದು ತುದಿ ವರ್ನೆಲ್ ಬೆರಳುಗಳಲ್ಲೇ ಇದೆ. ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಒದ್ದೆ ಹೆಬ್ಬೆರಳಿನ ಗುರುತೊಂದು 1719ರ ಪಕ್ಕ ಮೂಡಿದೆ. ಬೀದಿಯ ಕೊನೆಯಲ್ಲಿ ಯಾವುದೋ ದೊಡ್ಡ ಗಾಡಿ ತಿರುಗುತ್ತದೆ, ಕಾಲ ಕೆಳಗಿನ ಕಲ್ಲು ಸಣ್ಣಗೆ ನಡುಗುತ್ತದೆ. ವರ್ನೆಲ್ ಒಂದು ಸಲ ಎಡಗೋಡೆಯ ಕಡೆ ನೋಡುತ್ತಾರೆ.

"ಅವಸರದ್ದಾ?" ಅಂತ ನೋರೀನ್ ಕೇಳುತ್ತಾಳೆ.

"ಹದಿನಾಲ್ಕು ತಿಂಗಳಿಂದ," ಅನ್ನುತ್ತಾರೆ ವರ್ನೆಲ್. ಬೆರಳು ಬಿಡುತ್ತಾರೆ.

ನೋರೀನ್ ಕಾಗದವನ್ನು ಚೀಲಕ್ಕೆ ಹಾಕಿ ಮುಚ್ಚಳ ಎಳೆಯುತ್ತಾಳೆ. ಮುಂದಿನದು 1717. ಅದರ ಕಪ್ಪು ಮೆಟ್ಟಿಲುಗಳ ಕಡೆ ತಲೆಯೂ ತಿರುಗಿಸದೆ, ಒಳಗೆ ಯಾರೂ ಇಲ್ಲವೆಂದು ಬಲ್ಲವಳ ಹಾಗೆ, ಅದನ್ನು ದಾಟಿ ನಡೆದುಹೋಗುತ್ತಾಳೆ.